ಅಣ್ಣನ ಮೇಜಿನ ಪ್ರಿಂಟರ್

ನಮ್ಮ ಅಂಗಡಿಯ ಪ್ರಿಂಟರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವರ್ಷದಿಂದ ಉರಿದಿದ್ದೇನೆ. ಕಳೆದ ವರ್ಷ ಇದೇ ತಿಂಗಳು, ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಕೊಡುವ ಕಡೆಯ ದಿನ, ಅದು ಕೈಕೊಟ್ಟಿತು. ನಾನು ಪೆನ್‌ಡ್ರೈವ್ ಹಿಡಿದುಕೊಂಡು ರಸ್ತೆಯ ಕೊನೆಯ ಅಂಗಡಿಗೆ ಓಡಿ, ಆರು ಪುಟ ತೆಗೆಸಿ, ಅಣ್ಣನ ಸಹಿಗಾಗಿ ವಾಪಸ್ ಓಡಿ ಬಂದು, ಬಸ್ಸು ಹಿಡಿದು ಕಾಲೇಜು ಮುಟ್ಟಿದಾಗ ಐದು ಗಂಟೆ ಹತ್ತು ನಿಮಿಷ. ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಬೆರಳೆತ್ತಿ ಗೋಡೆ ಗಡಿಯಾರ ತೋರಿಸಿದಳು. "ನಮ್ಮ ಪ್ರಿಂಟರ್ ಕೆಟ್ಟಿತ್ತು ಮೇಡಂ, ದಯವಿಟ್ಟು ತಗೊಳ್ಳಿ" ಎಂದು ಗೋಗರೆದೆ. ಅವಳು ಕಿಟಕಿ ಮುಚ್ಚಿದಳು.

ಆ ಕೆಲಸಕ್ಕೆ ನಲವತ್ತೈದು ತುಂಬಿದವರು ಅರ್ಜಿ ಹಾಕುವಂತಿಲ್ಲ. ನನಗೆ ಬರುವ ತಿಂಗಳು ತುಂಬುತ್ತದೆ. ಈ ಸಲ ತಪ್ಪಿದರೆ ಮುಗಿಯಿತು, ಸಾಯುವ ತನಕ ಇದೇ ಕೋಣೆಯಲ್ಲಿ ಊರವರ ಬಾಡಿಗೆ ಕರಾರು ಟೈಪ್ ಮಾಡುತ್ತ ಕೂರಬೇಕು. ಹಾಗೆಂದು ನಾನು ಯಾರಿಗೂ ಹೇಳಿರಲಿಲ್ಲ. ಅಣ್ಣನಿಗೆ ಮಾತ್ರ ಹೇಳಿದ್ದೆ.

ಅಂಗಡಿ ಎಂದರೆ ನೋಂದಣಿ ಕಚೇರಿಯ ಎದುರಿಗೆ ಒಂದು ಕೋಣೆ, ಹಿಂದೆಯೇ ಮನೆ. ಅಪ್ಪ ಟೈಪ್‌ರೈಟರ್ ಕುಟ್ಟಿ ನಮ್ಮಿಬ್ಬರನ್ನು ಸಾಕಿದ ಜಾಗ. ಈಗ ಎರಡು ಕಂಪ್ಯೂಟರ್ ಇವೆ. ಬಾಗಿಲ ಬಳಿಯ ಹೊಸದು ನನ್ನದು, ಒಳಗೋಡೆಗೆ ಆತು ನಿಂತಿರುವ ಹಳೆಯದು ಅಣ್ಣನದು. ಪ್ರಿಂಟರ್ ಒಂದೇ, ಅದೂ ಅಣ್ಣನ ಮೇಜಿನ ಮೇಲೆ, ಅಣ್ಣನ ಕಂಪ್ಯೂಟರಿಗೇ ಜೋಡಿಸಿದ್ದು. ನಾನು ಕಳುಹಿಸಿದ ಕಾಗದ ಮೊದಲು ತಂತಿಯಲ್ಲಿ ಆ ಮುದಿ ಡಬ್ಬದೊಳಗೆ ಹೋಗಬೇಕು. ಅದು ಕೃಪೆ ಮಾಡಿದರೆ ಪ್ರಿಂಟರಿಗೆ. ಹೊಸದು ಬಂದ ದಿನವೇ ನಾನು ಹೇಳಿದ್ದೆ.

"ಪ್ರಿಂಟರನ್ನ ಈ ಕಡೆ ಹಾಕೋಣ ಅಣ್ಣಾ. ನಿನ್ನ ಡಬ್ಬ ಯಾವತ್ತು ಉಸಿರು ಬಿಡುತ್ತೋ."

"ಅದು ಇದಕ್ಕೆ ಒಗ್ಗಿಬಿಟ್ಟಿದೆ ಪುಟ್ಟಿ. ಒಗ್ಗಿದ್ದನ್ನ ಯಾಕೆ ಕೀಳ್ಬೇಕು?"

ಅಣ್ಣನ ಜಾಯಮಾನವೇ ಅದು. ಏನನ್ನೂ ಕೀಳುವುದಿಲ್ಲ, ಏನನ್ನೂ ಬಿಸಾಕುವುದಿಲ್ಲ. ಇಂಕು ಮುಗಿದ ಡಬ್ಬಿಗಳು, ಸುಟ್ಟ ಬಲ್ಬುಗಳು, ಮುರಿದ ಕೊಡೆಯ ಕಡ್ಡಿಗಳು ಅವನ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಬಾಳು ಬದುಕು ಮಾಡಿಕೊಂಡಿವೆ. ಬರೆಯದ ಪೆನ್ನುಗಳಿಗೆಂದೇ ಒಂದು ಲೋಟ ಇದೆ. ತಪ್ಪಾಗಿ ಬಂದ ಪ್ರಿಂಟನ್ನು ಮಗುಚಿ ಮತ್ತೆ ಪ್ರಿಂಟರಿನ ತಟ್ಟೆಗೆ ತುಂಬುತ್ತಾನೆ. ಬೈದರೆ, "ಒಂದು ಬದಿ ಖಾಲಿ ಇದೆಯಲ್ಲೇ" ಎನ್ನುತ್ತಾನೆ. ಹೋದ ತಿಂಗಳು ಒಬ್ಬರ ಬಾಡಿಗೆ ಕರಾರಿನ ಬೆನ್ನಿಗೆ ಇನ್ನೊಬ್ಬರ ವಿಚ್ಛೇದನದ ಕಾಗದ ಅಚ್ಚಾಗಿ, ಗಿರಾಕಿಯ ಕಾಲು ಹಿಡಿಯುವುದೊಂದು ಬಾಕಿ ಇತ್ತು.

ಈ ವರ್ಷ ನಾನು ಕಡೆಯ ದಿನದವರೆಗೆ ಕಾಯಬೇಕೆಂದಿರಲಿಲ್ಲ. ಅರ್ಜಿಯ ಜೊತೆಗೆ ಅನುಭವ ಪತ್ರ ಇಡಬೇಕು, ಅದಕ್ಕೆ ಅಂಗಡಿಯ ಯಜಮಾನ ಎಂದು ಅಣ್ಣ ಸಹಿ ಹಾಕಬೇಕು. ಒಂದು ಪುಟದ ಪತ್ರವನ್ನು ಅವನು ಒಂಬತ್ತು ದಿನ ಓದಿದ. ಹತ್ತನೆಯ ದಿನ, ಅಂದರೆ ಇವತ್ತು, ಅರ್ಜಿಯ ಕಡೆಯ ದಿನವೇ, ತನ್ನ ಮೌಸನ್ನು ಎರಡು ಸಲ ಒತ್ತಿ, "ಸರಿ ಇದೆ, ಪ್ರಿಂಟ್ ತೆಗಿ" ಎಂದ.

ಹನ್ನೆರಡು ಗಂಟೆಗೆ ಕಳುಹಿಸಿದೆ. ನನ್ನ ಕಂಪ್ಯೂಟರ್ 'ಕಳುಹಿಸಲಾಗಿದೆ' ಎಂದು ಹೇಳಿ ಕೈ ತೊಳೆದುಕೊಂಡಿತು. ಪ್ರಿಂಟರ್ ಮಾತ್ರ ಹಸಿರು ದೀಪ ಉರಿಸಿಕೊಂಡು ಕಲ್ಲಿನ ಹಾಗೆ ಕೂತಿತ್ತು. ಮತ್ತೆ ಕಳುಹಿಸಿದೆ. ಮೂರನೆಯ ಸಲವೂ ಕಳುಹಿಸಿದೆ.

"ಬೆಳಿಗ್ಗೆಯಿಂದ ನಿನ್ನದೂ ಬಂತು, ನನ್ನದೂ ಬಂತು. ಈಗ ಏನಾಯ್ತು ಇದಕ್ಕೆ?"

ಅಣ್ಣ ತನ್ನ ಕುರ್ಚಿಯಲ್ಲಿ ಆಕಳಿಸಿದ. "ಹೊಸದಕ್ಕೂ ಹಳೇದಕ್ಕೂ ಆಗಿಬರಲ್ಲ ಕಣೇ. ಎತ್ತು ಏರಿಗೆ, ಕೋಣ ನೀರಿಗೆ. ಸ್ವಲ್ಪ ಹೊತ್ತು ಬಿಡು, ಸರಿಹೋಗುತ್ತೆ." ಎದ್ದು, ಊಟಕ್ಕೆಂದು ಒಳಗೆ ಹೋದ. ಉಂಡರೆ ಅವನು ಮೂರೂವರೆಯ ತನಕ ಮಲಗುವವನು.

ಸ್ವಲ್ಪ ಹೊತ್ತು ಬಿಡಬೇಕಂತೆ! ರಸ್ತೆಯ ಕೊನೆಯ ಅಂಗಡಿ ಮುಚ್ಚಿ ಆರು ತಿಂಗಳಾಯಿತು, ಈಗ ಅಲ್ಲಿ ಚಪ್ಪಲಿ ಮಾರುತ್ತಾರೆ. ಇನ್ನೊಂದು ಪ್ರಿಂಟ್ ಅಂಗಡಿ ಬೇಕೆಂದರೆ ಕಾಲೇಜಿಗೆ ತದ್ವಿರುದ್ಧ ದಿಕ್ಕಿನಲ್ಲಿ ಒಂದು ಗಂಟೆಯ ಬಸ್ಸು. ಅಲ್ಲಿಂದ ಸಹಿಗೆ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಕಳೆದ ವರ್ಷದ ಗಡಿಯಾರ ಕಣ್ಣ ಮುಂದೆ ಬಂತು. ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಇಳಿದೆ.

ಮೊದಲು ಎರಡೂ ಕಂಪ್ಯೂಟರಿನ ನಡುವಿನ ತಂತಿ ನೋಡಿದೆ. ಅದು ಅಣ್ಣನ ಕಪಾಟಿನ ಹಿಂದಿನಿಂದ ಹಾದುಬರುತ್ತದೆ. ಕಪಾಟನ್ನು ಒಂದು ಗೇಣು ಸರಿಸಿದೆ ನೋಡಿ, ಥೂ! ಇಪ್ಪತ್ತು ವರ್ಷದ ಧೂಳು, ಕೂದಲಿನ ಉಂಡೆ, ಜಿರಳೆಯ ರೆಕ್ಕೆಗಳು, ಯಾವ ಕಾಲದ್ದೋ ಬಿಸ್ಕತ್ತಿನ ಹುಡಿ, ಅದಕ್ಕೆ ಮುತ್ತಿದ ಇರುವೆ. ಒಂದು ಒಣಗಿದ ಹಲ್ಲಿ ತಂತಿಗೇ ಅಂಟಿಕೊಂಡಿತ್ತು. ಬೆರಳು ಅದಕ್ಕೇ ತಗುಲಿತು. ಹೊರಗೆ ಹೋಗಿ ಕೈ ತೊಳೆದು, ಮತ್ತೆ ಬಂದು, ಹಳೆಯ ಬಟ್ಟೆಯಲ್ಲಿ ಹಿಡಿದು ತಂತಿಯನ್ನು ಉದ್ದಕ್ಕೂ ಸವರಿ ನೋಡಿದೆ. ಎಲ್ಲೂ ಕಡಿದಿರಲಿಲ್ಲ. ಎರಡೂ ತುದಿ ಕಿತ್ತು ಮತ್ತೆ ಸಿಕ್ಕಿಸಿದೆ, ಪುಟ್ಟ ದೀಪಗಳು ಸರಿಯಾಗಿಯೇ ಮಿನುಗಿದವು.

ನನ್ನ ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಪ್ರಿಂಟರನ್ನು ಆರಿಸಿ ಹಚ್ಚಿದೆ. ಅದರ ತಟ್ಟೆ ಎಳೆದು, ಅಣ್ಣನ ಒಂದು ಬದಿ ಖಾಲಿ ಕಾಗದಗಳನ್ನೆಲ್ಲ ಆಚೆ ಹಾಕಿ, ನಾನೇ ತಂದ ಹೊಸ ಕಾಗದದ ಕಟ್ಟು ತುಂಬಿದೆ. ಹಿಂಬದಿಯ ಮುಚ್ಚಳ ತೆಗೆದು ಉರುಳೆ ಒರೆಸಿದೆ. ಕೈಯೆಲ್ಲ ಕಪ್ಪಾಯಿತು. ಗೊರ್ರೆಂದು ಒಮ್ಮೆ ಉರುಳಿ ಮತ್ತೆ ಸುಮ್ಮನಾಯಿತು. ಅದರ ತಲೆಗೆ ಒಂದು ಬಾರಿಸಿದೆ.

"ನಿನ್ನ ಮನೆ ಹಾಳಾಗ! ನಾನು ನಿನಗೇನು ಅನ್ಯಾಯ ಮಾಡಿದೀನಿ?"

ಗಂಟೆ ಮೂರೂ ಕಾಲು. ಉಳಿದಿದ್ದು ಅಣ್ಣನ ಕಂಪ್ಯೂಟರ್ ಒಂದೇ. ಅದನ್ನು ನಾನು ಈವರೆಗೆ ಮುಟ್ಟಿದವಳಲ್ಲ. ಟೈಪ್‌ರೈಟರಿನ ಕಾಲದಲ್ಲಿ ಅಪ್ಪ ಮಾಡಿದ ಕಟ್ಟಳೆ ಅದು: ಒಬ್ಬರ ಮಿಷನ್ನಿನ ಮೇಲೆ ಇನ್ನೊಬ್ಬರು ಬೆರಳಿಡಬಾರದು, ಕೈ ಬದಲಾದರೆ ಕೀಲಿ ಕೆಡುತ್ತದೆ. ಕೀಲಿ ಹೋಗಿ ಕಂಪ್ಯೂಟರ್ ಬಂದರೂ ಕಟ್ಟಳೆ ಹೋಗಲಿಲ್ಲ. ಅಣ್ಣನ ಕಂಪ್ಯೂಟರಿಗೆ ಪಾಸ್‌ವರ್ಡ್ ಕೂಡ ಇಲ್ಲ, ಅಪ್ಪನ ಮಾತೇ ಪಾಸ್‌ವರ್ಡ್.

ಹಾಳಾಗಿ ಹೋಗಲಿ ಎಂದು ಆ ಕುರ್ಚಿಯಲ್ಲಿ ಕೂತೆ. ಪ್ರಿಂಟರಿನ ಸರದಿ ಪಟ್ಟಿ ತೆರೆದೆ. ಯಾರು ಕಳುಹಿಸಿದ್ದು, ಎಷ್ಟು ಪುಟ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಎಲ್ಲವನ್ನೂ ಅದು ಬರೆದಿಟ್ಟಿರುತ್ತದೆ. ನನ್ನ ಮೂರೂ ಅರ್ಜಿಗಳು ಅಲ್ಲಿ ಸಾಲಾಗಿ ಬಿದ್ದಿದ್ದವು. ಪಟ್ಟಿಯ ನೆತ್ತಿಯ ಮೇಲೆ, ಪ್ರಿಂಟರನ್ನೇ ತಡೆಹಿಡಿಯಲಾಗಿದೆ ಎಂದಿತ್ತು. ಯಂತ್ರ ಕೆಟ್ಟರೆ ಹಾಗೆ ತೋರಿಸುವುದಿಲ್ಲ. ಯಾರಾದರೂ ಕೂತು, ತಡೆಯುವ ಆಯ್ಕೆ ಹುಡುಕಿ, ಗುಂಡಿ ಒತ್ತಿದರೆ ಮಾತ್ರ ಹಾಗೆ ಬರುತ್ತದೆ.

ಪ್ರಿಂಟ್ ತೆಗಿ ಎನ್ನುವ ಮೊದಲು ಅವನು ಮೌಸನ್ನು ಎರಡು ಸಲ ಒತ್ತಿದ್ದು ನೆನಪಾಯಿತು.

ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು. ನನ್ನ ಮೂರಕ್ಕಿಂತ ಮೇಲೆ ಇನ್ನೊಂದು ಇತ್ತು. ಕಳುಹಿಸಿದ್ದು ನನ್ನ ಕಂಪ್ಯೂಟರ್. ಪುಟ ಆರು. ಮಧ್ಯಾಹ್ನ ಎರಡು ಹದಿನೈದು. ತಾರೀಖು ಕಳೆದ ವರ್ಷದ್ದು, ಅದೇ ದಿನ. ಅದೊಂದನ್ನೇ ಬೇರೆಯಾಗಿ ತಡೆದಿಡಲಾಗಿತ್ತು, ಒಂದು ವರ್ಷ ಉಳಿದವರ ಕಾಗದಗಳೆಲ್ಲ ಅದನ್ನು ದಾಟಿಕೊಂಡು ಹೋಗಿದ್ದವು. ನಾನು ತೆಗೆದ ಒಂದೊಂದು ಕರಾರೂ ಅದರ ಪಕ್ಕದಿಂದಲೇ ಹೋಗಿತ್ತು.

ಆ ದಿನ ಸಂಜೆ ನಾನು ಅತ್ತು ಮುಖ ಊದಿಸಿಕೊಂಡು ಬಂದಾಗ ಅಣ್ಣ ತಾನೇ ಒಲೆ ಹಚ್ಚಿ ಚಹಾ ಮಾಡಿಕೊಟ್ಟಿದ್ದ. "ಹಣೆಬರಹ ಪುಟ್ಟಿ, ಮಿಷನ್ನಿಗೆ ಬೈದು ಏನು ಬಂತು" ಎಂದು ತಲೆ ಸವರಿದ್ದ. ಮಗುವನ್ನು ಚಿವುಟುವುದು, ತೊಟ್ಟಿಲನ್ನೂ ತೂಗುವುದು! ಆ ಚಹಾ ಒಂದು ವರ್ಷದ ಮೇಲೆ ಗಂಟಲಿಗೆ ಬಂದಂತಾಯಿತು. ಕಪಾಟಿನ ಹಿಂದಿನ ಹಲ್ಲಿ ಇದಕ್ಕಿಂತ ವಾಸಿಯಿತ್ತು.

ಪ್ರಿಂಟರಿನ ತಡೆ ತೆಗೆದೆ. ಅದು ಒಂದು ಮಾತೂ ಆಡದೆ ಪುಟ ಉಗುಳತೊಡಗಿತು, ಅಂಚು ಸಹ ಸೊಟ್ಟಗಾಗದೆ. ಮೂರು ಪ್ರತಿ ಬಂದವು. ಆಮೇಲೆ ಕಳೆದ ವರ್ಷದ ಸಾಲಿಗೂ 'ಮುಂದುವರಿಸು' ಒತ್ತಿದೆ. ಅದೂ ಬಂತು.

ಕಡೆಯ ಪುಟ ಬೀಳುವಾಗ ಅಣ್ಣ ಮುಖ ಒರೆಸಿಕೊಳ್ಳುತ್ತ ಒಳಬಾಗಿಲಿಗೆ ಬಂದು ನಿಂತ. ಪ್ರಿಂಟರನ್ನು ನೋಡಲಿಲ್ಲ, ನಾನು ಕೂತ ಕುರ್ಚಿಯನ್ನು ನೋಡಿದ.

"ನನ್ನ ಮಿಷನ್ ಮುಟ್ಟಿದ್ಯಾ?"

"ಮುಟ್ಟಿದೆ."

"ಅಪ್ಪ ಏನು ಹೇಳ್ತಿದ್ರು ಪುಟ್ಟಿ..."

"ತಂಗಿ ಅರ್ಜಿ ತಡೆದಿಟ್ಕೋ ಅಂತಾನೂ ಅಪ್ಪನೇ ಹೇಳಿದ್ರಾ?" ಹಳೆಯ ಆರು ಪುಟ ಎತ್ತಿ ಅವನ ಮುಂದೆ ಹಿಡಿದೆ. "ತಾರೀಖು ಓದು. ಜೋರಾಗಿ ಓದು."

ಅವನು ಓದಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ನೀನು ಹೋದ್ರೆ ಅಂಗಡಿ ಗತಿ ಏನು? ನನಗೆ ಕಣ್ಣು ಸರಿಯಾಗಿ ಕಾಣಲ್ಲ. ಬರೋ ಗಿರಾಕಿಗಳೆಲ್ಲ ತಂಗಿ ಇದಾರಾ ಅಂತಲೇ ಕೇಳ್ತಾರೆ."

"ಅದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ ದಾಡಿ?"

"ಹೇಳಿದ್ರೆ ನಿಲ್ತಿದ್ಯಾ?"

ಕಳೆದ ವರ್ಷ ಕೇಳಿದ್ದರೆ ನಿಲ್ಲುತ್ತಿದ್ದೆನೋ ಏನೋ. ಅದನ್ನು ನೆನೆದೇ ನನಗೆ ಇನ್ನಷ್ಟು ಹೇಸಿಗೆಯಾಯಿತು, ಅವನ ಮೇಲೂ, ನನ್ನ ಮೇಲೂ.

ಈ ವರ್ಷದ ಪ್ರತಿಯ ಪುಟ ಜೋಡಿಸತೊಡಗಿದೆ. ಅವನಿಗೆ ಧೈರ್ಯ ಬಂತೇನೋ. ಮೆಲ್ಲಗೆ ಹತ್ತಿರ ಬಂದು, ಮಕ್ಕಳಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ: "ಅಳಿಸಿ ಹಾಕ್ಲಿಲ್ಲ ಕಣೇ ನಾನು. ನೋಡು, ಹಾಗೇ ಇದೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ನಿಜವಾಗಿಯೂ ಅದನ್ನು ಒಂದು ಉಪಕಾರ ಎಂದೇ ಅವನು ತಿಳಿದಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸುಟ್ಟ ಬಲ್ಬು, ಖಾಲಿ ಇಂಕಿನ ಡಬ್ಬಿ, ಅವುಗಳ ಜೊತೆಗೆ ನನ್ನದೊಂದು ವರ್ಷ.

"ಸಹಿ ಹಾಕು" ಎಂದೆ. ಗಂಟೆ ನಾಲ್ಕಾಗಲು ಇಪ್ಪತ್ತು ನಿಮಿಷ ಇತ್ತು.

ಅವನು ಬರೆಯದ ಪೆನ್ನುಗಳ ಲೋಟಕ್ಕೆ ಕೈ ಹಾಕಿದ. ಒಂದನ್ನು ಗೀಚಿದ, ಇನ್ನೊಂದನ್ನು ಗೀಚಿದ. ಕಳೆದ ವರ್ಷವೂ ಹೀಗೇ ಗೀಚುತ್ತ ಹತ್ತು ನಿಮಿಷ ತಿಂದಿದ್ದ, ಆಗ ನಾನು ಅಯ್ಯೋ ಪಾಪ ಎಂದುಕೊಂಡು ನಿಂತಿದ್ದೆ. ಈ ಸಲ ನನ್ನ ಪೆನ್ನು ನನ್ನ ಕೈಯಲ್ಲೇ ಇತ್ತು. ಮುಚ್ಚಳ ತೆಗೆದು ಅವನ ಬೆರಳಿಗೆ ತುರುಕಿದೆ. ಅವನು ಕಾಗದವನ್ನು ಒಂದು ಕ್ಷಣ ನೋಡಿ ಸಹಿ ಹಾಕಿದ. ಇಪ್ಪತ್ತೆರಡು ವರ್ಷ ನಿಷ್ಠೆಯಿಂದ ದುಡಿದಿದ್ದಾರೆ ಎಂದಿತ್ತು ಅದರಲ್ಲಿ, ನಾನೇ ಟೈಪ್ ಮಾಡಿದ್ದು.

ಪೆನ್ನು ಕಸಿದುಕೊಂಡು, ಅರ್ಜಿಯನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟುವಾಗ ಒಮ್ಮೆ ತಿರುಗಿ ನೋಡಿದೆ. ನೋಡಬಾರದಿತ್ತು. ಅಣ್ಣ ಕಳೆದ ವರ್ಷದ ಆರು ಪುಟಗಳನ್ನು ಅಂಚು ಕುಟ್ಟಿ ಜೋಡಿಸಿ, ಮಗುಚಿ, ಪ್ರಿಂಟರಿನ ತಟ್ಟೆಗೆ ತುಂಬುತ್ತಿದ್ದ.

"ಛೀ!" ಎಂದೆ. ಅವನಿಗೆ ಕೇಳಿಸಿತು. ಕೈ ಮಾತ್ರ ನಿಲ್ಲಲಿಲ್ಲ.

ಕಾಲೇಜು ಮುಟ್ಟಿದಾಗ ನಾಲ್ಕು ಮೂವತ್ತೈದು. ಕಿಟಕಿಯಲ್ಲಿ ಅದೇ ಹೆಂಗಸು. ಪುಟ ಎಣಿಸಿದಳು, ಸಹಿ ನೋಡಿದಳು, ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿ ತಲೆಯಾಡಿಸಿದಳು. ಮೊಹರು ಒತ್ತಿ ಸ್ವೀಕೃತಿ ಚೀಟಿ ಹರಿದು ಕೊಡುವಾಗ ನನ್ನ ಮುಖ ದಿಟ್ಟಿಸಿದಳು.

"ಹೋದ ವರ್ಷ ಲೇಟಾಗಿ ಬಂದಿದ್ರಲ್ವಾ ನೀವು? ಪ್ರಿಂಟರ್ ಕೆಟ್ಟಿದೆ ಅಂತ ಅಳ್ತಾ ಇದ್ರಿ."

"ಹೌದು ಮೇಡಂ."

"ಸರಿಯಾಯ್ತಾ ಪ್ರಿಂಟರ್?"

"ಪ್ರಿಂಟರಿಗೆ ಏನೂ ಆಗಿರಲಿಲ್ಲ" ಎಂದೆ. ಚೀಟಿಯನ್ನು ಮಡಚಿ ಚೀಲದ ಒಳಜೇಬಿಗೆ ಹಾಕಿಕೊಂಡೆ.