ಏಣಿಯ ಮೇಲಿನ ಕೆಲಸ

“ಡೆಲ್, ಆ ಕೆಂಪು ಅಂಗಿಯವನ ಮೇಲೆ ಬೆಳಕು ಬಿಡು. ತಿರುಗ್ತಾ ಇದಾನೆ,” ಎಂದು ಗಲ್ಲಾದ ಹಿಂದಿನಿಂದ ಬಾರಿನ ಮಾಲೀಕ ಗಸ್ ಕೂಗಿದ.

ಕೆಂಪು ಅಂಗಿಯವನು ನಿಕೊ, ಡೆಲ್ಬರ್ಟ್‌ನ ನಿಕೊ. ಏಣಿಯ ತುದಿಯಲ್ಲಿ ಟಾರ್ಚು ಹಿಡಿದು ಕೂತಿದ್ದ ಡೆಲ್ಬರ್ಟ್ ಕೇಳಿಸದವನಂತೆ ಬೇರೆ ಕಡೆ ನೋಡಿದ. ಅದು ೧೯೬೯ರ ಬೇಸಿಗೆ. ಗಂಡಸರು ಎದುರುಬದುರಾಗಿ ಕುಣಿದರೆ ಪೊಲೀಸರು ಬಾರಿಗೆ ಬೀಗ ಹಾಕಿಸುತ್ತಿದ್ದರು. ಅದಕ್ಕೇ ನ್ಯೂಯಾರ್ಕಿನ ಹತ್ತಿರದ ಈ ದ್ವೀಪದಲ್ಲಿ ಭಾನುವಾರ ಮಧ್ಯಾಹ್ನ, ಪರದೆ ಎಳೆದ ಈ ಹಾಲಿನಲ್ಲಿ ಎಲ್ಲರೂ ಸಾಲಾಗಿ ಒಂದೇ ಕಡೆ ಮುಖ ಮಾಡಿ ಕುಣಿಯಬೇಕು. ಸಾಲಿನಲ್ಲಿ ಒಬ್ಬಳಾದರೂ ಹೆಂಗಸಿರಬೇಕು. ಆ ಒಬ್ಬಳು ಲೊರೆಟಾ. ಅಷ್ಟೂ ಗಂಡಸರಿಗೆ ಅವಳೇ ಜೋಡಿ ಎಂದು ಲೆಕ್ಕ. ಯಾರಾದರೂ ಪಕ್ಕದವನತ್ತ ತಿರುಗಿದರೆ ಅವನ ಮುಖಕ್ಕೆ ಬೆಳಕು ಬಿಡುವುದು ಡೆಲ್ಬರ್ಟ್‌ನ ಕೆಲಸ. ದರಿದ್ರ ಕೆಲಸ.

ನಿಕೊ ಬೆಳಿಗ್ಗೆಯೇ ಹೇಳಿದ್ದ. “ಹೋದ ತಿಂಗಳು ನ್ಯೂಯಾರ್ಕಲ್ಲಿ ಬಾರಿಗೆ ನುಗ್ಗಿದ ಪೊಲೀಸರಿಗೇ ನಮ್ಮಂಥೋರು ತಿರುಗಿಬಿದ್ರು. ನೀನಿನ್ನೂ ಕಾಗೆ ಥರ ಏಣಿ ಮೇಲೆ ಕೂತಿದೀಯ. ಇವತ್ತು ನನ್ನ ಮೇಲೆ ಬೆಳಕು ಬಿಟ್ರೆ ಸಂಜೆ ದೋಣಿಗೇ ಹೋಗ್ತೀನಿ. ಮತ್ತೆ ಬರಲ್ಲ.”

ಹಾಡು ಬದಲಾಯಿತು. ತಮಟೆಯಂಥ ಏಟು, ಅದರ ಮೇಲೆ ಒಬ್ಬ ಹೆಂಗಸಿನ ಎದೆ ತುಂಬಿದ ದನಿ. ಕುಣಿಯುವವರ ಕಾಲ ಕೆಳಗಿನ ಹಲಗೆಗಳೇ ಜಿಗಿಯತೊಡಗಿದವು. ನಿಕೊ ಸಾಲು ಬಿಟ್ಟು ಬಂದ. ಯಾರ ಕಡೆಗೂ ತಿರುಗದೆ ನೇರ ಏಣಿಯ ಮುಂದೆ ನಿಂತು, ತಲೆಯೆತ್ತಿ, ಡೆಲ್ಬರ್ಟ್‌ನನ್ನೇ ನೋಡುತ್ತ ಕುಣಿದ.

“ಬಿಡೋ ಬೆಳಕು,” ಎಂದ ಗಸ್. “ಲೈಸೆನ್ಸ್ ಹೋದ್ರೆ ನಿಮ್ಮಪ್ಪ ಕೊಡ್ತಾನಾ?”

ಡೆಲ್ಬರ್ಟ್‌ನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಾಗಲಿಲ್ಲ.

ಅಷ್ಟರಲ್ಲಿ ಲೊರೆಟಾ ಚಪ್ಪಲಿ ಕೈಯಲ್ಲಿ ಹಿಡಿದು ಏಣಿಯ ಬುಡಕ್ಕೆ ಬಂದಳು.

“ಇಳಿಯೋ ಮಾರಾಯ. ಇಷ್ಟು ಜನ ಗಂಡಂದಿರನ್ನ ಒಬ್ಬಳೇ ಸಂಭಾಳಿಸಿ ಕಾಲು ಬಿದ್ದುಹೋಗಿದೆ. ನಾನು ಕೂತ್ಕೋತೀನಿ.”

“ನೀನು ಬಂದ್ರೆ ಅಲ್ಲಿ ಹೆಂಗಸೇ ಇಲ್ವಲ್ಲೇ.”

“ಇಲ್ಲ. ಅದಕ್ಕೇ ಬಂದೆ.”

ಡೆಲ್ಬರ್ಟ್ ಟಾರ್ಚನ್ನು ಅವಳ ಕೈಗಿಟ್ಟು ಇಳಿದ. ಸಾಲಿನ ತುದಿಯಲ್ಲಿದ್ದ ಬೋಳುತಲೆಯವನು ಪಕ್ಕದವನತ್ತ ತಿರುಗಿದ. ಅವನನ್ನು ನೋಡಿ ಇನ್ನಿಬ್ಬರು, ಆಮೇಲೆ ಇಡೀ ಸಾಲು. ಯಾರೋ ಸಿಳ್ಳೆ ಹಾಕಿದರು. ಗಸ್ ಎಲ್ಲರ ವಂಶವನ್ನೂ ಬೈಯುತ್ತ, ದಡದ ಕಡೆ ಪೊಲೀಸರು ಕಾಣುತ್ತಾರೇನೋ ಎಂದು ಬಾಗಿಲಿಗೆ ಓಡಿದ. ಹಾಡು ಮಾತ್ರ ನಿಲ್ಲಿಸಲಿಲ್ಲ.

“ನಂಗೆ ಕುಣಿಯೋಕೆ ಬರಲ್ಲ ಕಣೋ,” ಎಂದ ಡೆಲ್ಬರ್ಟ್, ನಿಕೊನ ಮುಂದೆ ನಿಂತು.

“ಗೊತ್ತು. ಬಾ.”

ಎರಡು ಬೇಸಿಗೆ ಅವನು ಕುಣಿಯುವ ನಿಕೊನನ್ನು ಮೇಲಿನಿಂದಲೇ ನೋಡಿದ್ದ; ಹೆಚ್ಚಾಗಿ ಕಂಡದ್ದು ನೆತ್ತಿಯಷ್ಟೇ. ಈಗ ತುಟಿಯ ಮೇಲಿನ ಬೆವರೂ ಕಾಣುತ್ತಿತ್ತು. ಕೈ ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ಗಾಳಿಯಲ್ಲೇ ಹಿಡಿದಿದ್ದ. ಆಮೇಲೆ ನಿಕೊನ ಒದ್ದೆ ಬೆನ್ನಿನ ಮೇಲಿಟ್ಟ.