ಮುಳ್ಳು ಇಳಿಯಬಾರದು

ನಾನು ಒಂದು ತೂಕದ ಯಂತ್ರ. ಕಬ್ಬಿಣದ ಮೈ, ಒಳಗೊಂದು ಸ್ಪ್ರಿಂಗ್, ಗಾಜಿನಡಿ ಕೆಂಪು ಮುಳ್ಳು. ಕಾರ್ಖಾನೆಯಿಂದ ಹೊರಬಿದ್ದವನು ಮೊದಲು ಹುಬ್ಬಳ್ಳಿಯ ಒಬ್ಬ ಸಕ್ಕರೆ ಕಾಯಿಲೆಯ ಡಾಕ್ಟರ ಕೈಸೇರಿದೆ. ಅಲ್ಲಿ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡೇ ನನ್ನ ಮೇಲೆ ಹತ್ತುತ್ತಿದ್ದರು. ಹಾಗೆಲ್ಲ ನನ್ನನ್ನು ಯಾಮಾರಿಸಲು ಆಗುತ್ತದೆಯೇ? ಒಳಗೊಳಗೇ ನಗುತ್ತಿದ್ದೆ.

ಆ ಡಾಕ್ಟರು ದವಾಖಾನೆ ಮುಚ್ಚುವಾಗ ನನ್ನನ್ನು ಕ್ಯಾನ್ಸರ್ ಆಸ್ಪತ್ರೆಗೆ ಕೊಟ್ಟರು. ನಗು ಅಲ್ಲಿಗೆ ನಿಂತಿತು. ಇಲ್ಲಿ ಮುಳ್ಳು ಇಳಿದರೆ ಮನೆಯವರ ಮುಖವೂ ಇಳಿಯುತ್ತಿತ್ತು.

ಮಿರ್ಚಿ ಭಜಿ ಅಂಗಡಿಯ ಫಕೀರಪ್ಪ ಮೊದಲ ಸಲ ಹತ್ತಿದಾಗ ನಾನು ಕಿರ್ರೆಂದಿದ್ದೆ, ಅಂಥ ಆಳು. ಅವನ ಶ್ವಾಸಕೋಶದಲ್ಲಿ ಗಡ್ಡೆಯಿತ್ತು. ಕ್ಯಾನ್ಸರ್ ಔಷಧದ ಡ್ರಿಪ್ ಹಾಕಿಸಿಕೊಳ್ಳಲು ಬಂದಾಗಲೆಲ್ಲ ತೂಕ ನೋಡುತ್ತಿದ್ದರು. ನೋಡಿದಾಗಲೆಲ್ಲ ಮುಳ್ಳು ಹಿಂದಕ್ಕೇ ಸರಿಯುತ್ತಿತ್ತು. ಕೊನೆಗೆ ಡಾಕ್ಟರ್ ನಸ್ರೀನ್ ಆ ಸಲದ ಔಷಧವನ್ನು ತಡೆಹಿಡಿದರು.

"ತಿನ್ನಾಕ ಏನ್ ಕೊಡ್ತೀರಿ?" ಎಂದು ಅವನ ಹೆಂಡತಿ ದೇವಕ್ಕನನ್ನು ಕೇಳಿದರು.

"ಪಥ್ಯ ಕಟ್ಟುನಿಟ್ಟಾಗಿ ಐತ್ರಿ," ಎಂದಳು ದೇವಕ್ಕ, ಶಹಬ್ಬಾಸ್ ಸಿಗುತ್ತದೆಂಬ ಭರವಸೆಯಲ್ಲಿ. "ಎಣ್ಣಿ, ತುಪ್ಪ, ಮೊಸರು ಎಲ್ಲಾ ಬಂದ್ ಮಾಡೇನಿ. ಕೆಮ್ಮಿಗೆ ಆಗಿಬರೂದಿಲ್ಲಲ್ರಿ. ಬರೇ ಗಂಜಿ."

ಡಾಕ್ಟರು ಕನ್ನಡಕ ತೆಗೆದರು. "ದೇವಕ್ಕ, ಈ ರೋಗದಾಗ ಮೈಮ್ಯಾಗಿನ ಕೊಬ್ಬು ವೈರಿ ಅಲ್ಲ. ಅದು ಕರಗಿದ್ರ ಔಷಧ ತಡ್ಕೊಳ್ಳೂ ಶಕ್ತಿ ಎಲ್ಲಿಂದ ಬರಬೇಕು? ಮುಂದಿನ ಸಲಾನೂ ತೂಕ ಇಳದ್ರ ನನಗ ಡ್ರಿಪ್ ಹಾಕಾಕಾಗೂದಿಲ್ಲ."

ದೇವಕ್ಕ ನನ್ನನ್ನೇ ನೋಡುತ್ತ ನಿಂತಳು. ನನಗೆ ಭಯವಾಯಿತು.

ಮುಂದಿನ ಸಲ ಫಕೀರಪ್ಪ ಮೆಲ್ಲಗೆ ಹತ್ತಿದ. ದೇವಕ್ಕ ಉಸಿರು ಬಿಗಿಹಿಡಿದಳು. ಮುಳ್ಳು ನಡುಗಿತು, ನಿಂತಿತು. ತೂಕ ಏರಿತ್ತು. ಅವಳು ಕೈಮುಗಿದೇಬಿಟ್ಟಳು. ನಾನೂ ಬೀಗಿದೆ.

ಡಾಕ್ಟರು ಬಾಗಿ ಅವನ ಕಣಕಾಲನ್ನು ಹೆಬ್ಬೆರಳಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ಇದು ನೀರು. ಮೈಗೆ ಹತ್ತಿದ್ದಲ್ಲ," ಎಂದರು.

ನಾಚಿಕೆಯಿಂದ ಕುಗ್ಗಿಹೋದೆ. ನೀರೋ ಕೊಬ್ಬೋ ನನಗೆ ಹೇಗೆ ಗೊತ್ತಾಗಬೇಕು? ಏರಿದವರ ಭಾರವನ್ನಷ್ಟೇ ನಾನು ಬಲ್ಲೆ.

"ಹಂಗಾರ ನಾ ತಿನಿಸಿದ್ದೆಲ್ಲಾ ಎಲ್ಲಿ ಹೋತ್ರಿ?" ದೇವಕ್ಕನ ದನಿ ಒಡೆಯಿತು.

ಫಕೀರಪ್ಪ ಅವಳ ಭುಜ ಹಿಡಿದು ನನ್ನ ಮೇಲಿಂದ ಇಳಿದ. "ಎಲ್ಲೀನೂ ಹೋಗಿಲ್ಲ ಬಿಡು. ನಾ ನಿಂತಿದ್ದು ನೀ ತಿನಿಸಿದ್ದರ ಮ್ಯಾಲೆ."

ಊತ ಇಳಿದ ಮೇಲೆ ಡಾಕ್ಟರು ಅವನ ಸೊರಗಿದ ತೋಳು ಹಿಡಿದು ನೋಡಿ, ಬಹಳ ಯೋಚಿಸಿ, ಔಷಧದ ಪ್ರಮಾಣ ತಗ್ಗಿಸಿ ಮತ್ತೆ ಶುರುಮಾಡಿದರು. ಮಳೆಗಾಲ ಕಳೆದು ಚಳಿ ಬರುವವರೆಗೂ ಅವನು ಬಂದ. ಮುಳ್ಳು ಒಮ್ಮೆ ಒಂಚೂರು ಏರಿತು, ಮತ್ತೆ ಇಳಿಯಿತು. ಆಮೇಲೆ ಬರುವುದು ನಿಂತಿತು.

ನನ್ನ ಸ್ಪ್ರಿಂಗ್ ಸಡಿಲವಾಯಿತು. ಹೊಸ ಯಂತ್ರ ಬಂತು. ಆಳುಗಳು ನನ್ನನ್ನು ಉಗ್ರಾಣದ ಮೂಲೆಗೆ ಎಳೆದೊಯ್ಯುತ್ತಿದ್ದ ದಿನವೇ ದೇವಕ್ಕ ಒಬ್ಬಳೇ ಬಂದಳು. ಡಾಕ್ಟರು ಕುರ್ಚಿ ಎಳೆದು ಕೂರಿಸಿದರು. ಎಷ್ಟೋ ಜನರನ್ನು ಹೊತ್ತಿದ್ದೇನೆ, ಆದರೆ ಅವಳು ಅಂದದ್ದನ್ನು ಇಳಿಸಿಡಲು ಈ ಮೂಲೆಯಲ್ಲೂ ನನಗೆ ಆಗಿಲ್ಲ.

"ಕಡೀತನಕ ಉಂಡ್ರು, ಮೇಡಮ್ಮಾರ. ಹಸದ ಹೊಟ್ಟೀಲೆ ಕಳಸಲಿಲ್ಲ ನಾ."