ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಖಾಲಿ ಕುಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಿಯರ್ ಫ್ಯಾಕ್ಟರಿ ನೋಡಲು ಹೊರಟವರು ಹಿರಿಯೂರು ಸೀಮೆಯಲ್ಲಿ ಚಿತ್ರಾ ಒಬ್ಬಳೇ ಇರಬೇಕು. ಹಾಲೇಶನ ಬೈಕಿನ ಹಿಂದೆ ಕುಳಿತು, ಒದ್ದೆ ಬಟ್ಟೆ ಸುತ್ತಿದ ಆ ಮಣ್ಣಿನ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಳಗೆ ಒಂದು ಚೂರು ಇದ್ದಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಫ್ಯಾಕ್ಟರಿ ನೋಡುವುದು ಬರೀ ನೆಪ. ಅವಳು ಹೊರಟಿದ್ದು ಸತ್ತ ಅವ್ವನ ಹೆಪ್ಪನ್ನು ವಾಪಸು ತರಲು.

ಹಾಲೇಶನಿಗೆ ಮಾತ್ರ ಅದು ನೆಪವಾಗಿರಲಿಲ್ಲ. ಹದಿನೈದು ದಿನದಿಂದ ಇದೇ ಜಪ ಅವನಿಗೆ. ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸ. ಮನೆಯಲ್ಲಿ ಬೆಳಿಗ್ಗೆ ಸಂಜೆ ಲಿಂಗಪೂಜೆ, ಮಠಕ್ಕೆ ನಡೆದುಕೊಳ್ಳುವ ಹೆಂಡತಿ. ಹಾಗಾಗಿ ಅವನು ಬಿಯರ್ ಮಾಡುವ ಸಂಸಾರವೆಲ್ಲ ಗೆಳೆಯನೊಬ್ಬನ ಖಾಲಿ ಕ್ವಾರ್ಟರ್ಸಿನ ಬಚ್ಚಲಲ್ಲಿ ಗುಟ್ಟಾಗಿ ನಡೆಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಅವನು ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಂದು, "ಔಷಧಿ ಹಾಕದೇ ಇರೋ ರಾಗಿ ಕೊಡ್ರಿ, ಒಂಚೂರೂ ಔಷಧಿ ತಗಲಿರಬಾರ್ದು" ಎಂದು ಎರಡೆರಡು ಸಲ ಹೇಳಿದಾಗ, ಅಲ್ಲಿ ರಾಗಿ ತಾಕುಗಳ ಕೆಲಸ ನೋಡಿಕೊಳ್ಳುತ್ತಿದ್ದ ಚಿತ್ರಾ ದನಿ ತಗ್ಗಿಸಿ, "ಮೊಳಕೆ ಕಟ್ಟಿ ಹುದುಗು ಹಾಕಾಕಾ?" ಎಂದು ಕೇಳಿದ್ದಳು. ಹಾವಿನ ಹೆಜ್ಜೆ ಹಾವೇ ಬಲ್ಲದು. ಅವತ್ತಿನಿಂದ ಅವನು ಅವಳಿಗೆ ಹಾಲೇಶಣ್ಣ.

ಅವನು ಎಷ್ಟು ಸರ್ಕಸ್ ಮಾಡಿದರೂ ಚಿತ್ರಾಳ ರಾಗಿ ಬಿಯರಿನ ರುಚಿ ಅವನ ಬಚ್ಚಲಲ್ಲಿ ಹುಟ್ಟಲಿಲ್ಲ. ಆ ರುಚಿ ಇದ್ದದ್ದು ಅವಳ ಹೆಪ್ಪಿನಲ್ಲಿ. ಪ್ಯಾಕೆಟ್ಟಿನ ಯೀಸ್ಟ್ ಅವಳ ಮನೆಯ ಹೊಸಿಲು ತುಳಿದದ್ದೇ ಇಲ್ಲ. ಅವ್ವ ಜುಂಜಮ್ಮ ಹುಳಿ ಅಂಬಲಿಗೆಂದು ನಲವತ್ತು ವರ್ಷ ಸಾಕಿದ ಹೆಪ್ಪು ಅದು. ಸಾಕಿದ ಎಂದೇ ಹೇಳಬೇಕು, ಯಾಕೆಂದರೆ ತಬ್ಬಲಿ ಕುರಿಮರಿಗೆ ಹಾಲು ಕುಡಿಸುವ ಹಾಗೆ ದಿನಾ ಬೆಳಿಗ್ಗೆ ಅದಕ್ಕೆ ರಾಗಿ ನೀರು ಉಣಿಸುತ್ತಿದ್ದಳು. ಉಣಿಸುವ ಮುಂಚೆ ಮುದ್ದೆ ಕೋಲಿನಿಂದ ಕುಡಿಕೆಯ ಅಂಚಿಗೆ ಮೂರು ಸಲ ತಟ್ಟಿ, "ಎದ್ಯೇನವ್ವಾ?" ಎಂದು ಕೇಳುವುದು ಅವಳ ಪದ್ಧತಿ.

ಹತ್ತು ವರ್ಷದ ಚಿತ್ರಾ ಕಂಬಳಿಯೊಳಗಿಂದಲೇ, "ಎದ್ದೆ ಕಣವ್ವಾ" ಎನ್ನುತ್ತಿದ್ದಳು.

"ನಿನ್ನ ಯಾರು ಕೇಳಿದ್ರು? ನಾನು ಕೇಳಿದ್ದು ಹೆಪ್ಪನ್ನ. ಅದಕ್ಕೆ ಬಾಯಿಲ್ಲ, ಅದರ ಬದ್ಲಿಗೆ ನೀನು ಹೇಳಿದ್ಯಲ್ಲ, ಹಂಗಾರೆ ಎದ್ದು ಮಕ ತೊಳ್ಕ" ಎಂದು ಅವ್ವ ನಗುತ್ತಿದ್ದಳು.

ಮಗಳು ಮದುವೆಯಾಗಿ, ಆ ಮದುವೆ ಮುರಿದು, ಬಬ್ಬೂರಿನಲ್ಲಿ ಕೆಲಸ ಹಿಡಿದು, ಹಟ್ಟಿಯಲ್ಲಿದ್ದ ಅವ್ವನನ್ನೂ ಕುಡಿಕೆಯನ್ನೂ ತನ್ನಲ್ಲಿಗೆ ಕರೆತಂದ ಮೇಲೂ ಈ ಆಟ ನಡೆದೇ ಇತ್ತು. ಅವ್ವ ಹೋಗಿ ಈಗ ಎರಡು ವರ್ಷ. ಆಮೇಲೆ ಮನೆಯಲ್ಲಿ ಉಳಿದದ್ದು ಚಿತ್ರಾ ಮತ್ತು ಹೆಪ್ಪು, ಇಬ್ಬರೇ.

ಕೇಳಿದವರಿಗೆ ಹೆಪ್ಪು ಇಲ್ಲ ಎಂದವಳಲ್ಲ ಜುಂಜಮ್ಮ. ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ. ಕೊಡಲೇಬೇಕಾಗಿ ಬಂದರೆ ಒಂದು ಚೂರು ಇದ್ದಿಲು ಹಾಕಿಯೇ ಹೊಸಿಲು ದಾಟಿಸುತ್ತಿದ್ದಳು. "ಇಲ್ದಿದ್ರೆ ಮನೇಲಿ ಉಳಿದಿದ್ದೂ ಅದರ ಹಿಂದೇನೇ ಹೊಂಟೋಗ್ತೈತೆ" ಎನ್ನುತ್ತಿದ್ದಳು.

ಇದನ್ನು ಕೇಳುತ್ತಲೇ ಬೆಳೆದ ಚಿತ್ರಾ ಹೋದ ತಿಂಗಳು ತಪ್ಪು ಮಾಡಿದಳು. ಹೆದ್ದಾರಿ ಪಕ್ಕದ ಹೊಸ ಬಿಯರ್ ಫ್ಯಾಕ್ಟರಿಯ ಬ್ರೂಮಾಸ್ಟರ್ ಕನಕರಾಜ್ ರಾಗಿ ತಳಿ ನೋಡಲು ಬಬ್ಬೂರಿಗೆ ಬಂದಿದ್ದರು. ಹಾಲೇಶ ಬಿಡುತ್ತಾನೆಯೇ, ಬೆನ್ನು ಬಿದ್ದು ಅವರನ್ನು ಚಿತ್ರಾಳ ಮನೆಗೇ ಎಳೆತಂದ. ಕನಕರಾಜ್ ಹೊಸದುರ್ಗದವರು, ದೇಶವಿದೇಶ ಸುತ್ತಿ ಬಿಯರ್ ಮಾಡುವುದನ್ನೇ ಓದಿದವರು. ಅವಳ ಬಿಯರನ್ನು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ಮೇಡಂ, ಹದಿನೆಂಟು ವರ್ಷದಿಂದ ಇದೇ ಕಸುಬು ನಂದು. ಇಂಥದ್ದು ನನ್ ಕೈಲಿ ಒಂದಿನಾನೂ ಬಂದಿಲ್ಲ" ಎಂದರು. ಹೊಗಳಿಕೆಗೆ ಉಬ್ಬದವರುಂಟೇ? ಚಿತ್ರಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವರು ಹೆಪ್ಪು ಕೇಳಿದಾಗ ದೇವರ ಮುಂದೆ ಆಗಷ್ಟೇ ದೀಪ ಹಚ್ಚಿಯಾಗಿತ್ತು. ಅವರ ಕೈಯಲ್ಲಿ ಕುದಿಸಿ ಶುದ್ಧ ಮಾಡಿದ ಗಾಜಿನ ಬಾಟಲಿ, ಬೆರಳಿಗೆ ರಬ್ಬರಿನ ಕೈಗವಸು. ಚಿತ್ರಾಳ ಕೈ ಒಲೆಯ ಇದ್ದಿಲಿನತ್ತ ಹೋಗಿ ಅರ್ಧಕ್ಕೇ ನಿಂತಿತು. ಅಷ್ಟು ಥಳಥಳ ಹೊಳೆಯುವ ಬಾಟಲಿಗೆ ಇದ್ದಿಲು ಹಾಕಿದರೆ ಇವರು ಏನಂದುಕೊಂಡಾರು? ನಾಚಿಕೆಯಾಯಿತು. ಇದ್ದಿಲಿಲ್ಲದೆ ಸುರಿದುಕೊಟ್ಟಳು.

ಮೂರನೆಯ ದಿನಕ್ಕೆ ಮನೆಯ ಕುಡಿಕೆ ಸತ್ತಿತು. ರಾಗಿ ನೀರು ಹಾಕಿದರೆ ಹಾಕಿದ ಹಾಗೇ ಇತ್ತು. ಗುಳ್ಳೆಯಿಲ್ಲ, ಹುಳಿ ವಾಸನೆಯೂ ಇಲ್ಲ. ಬೆಚ್ಚಗೆ ಕಂಬಳಿ ಸುತ್ತಿ ನೋಡಿದಳು, ಬೆಲ್ಲ ಹಾಕಿ ನೋಡಿದಳು. ಅವ್ವನನ್ನು ಮಣ್ಣು ಮಾಡಿದ ದಿನ ಬಾರದಿದ್ದ ಅಳು ಆ ಕುಡಿಕೆಯ ಮುಂದೆ ಬಂತು. ಕನಕರಾಜರಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಕೊನೆಗೆ ಅವರೇ ಮಾಡಿದರು. "ಭಾನುವಾರ ಫ್ಯಾಕ್ಟರಿ ನೋಡೋಕೆ ಬರ್ರಿ ಮೇಡಂ. ಹಾಲೇಶಪ್ಪನೋರೂ ಬರ್ಲಿ. ಆದ್ರೆ ನೀವು ಬರ್ಲೇಬೇಕು." ಆ ಕಡೆಯ ಮಾತನ್ನು ಅವರು ಬೇಡಿಕೊಳ್ಳುವ ಹಾಗೆ ಹೇಳಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಫ್ಯಾಕ್ಟರಿ ಮುಟ್ಟಿದರು. ಎಲೆ ಅಲುಗುತ್ತಿರಲಿಲ್ಲ. ಗುಡ್ಡದ ಸಾಲಿನ ಗಾಳಿ ಫ್ಯಾನುಗಳೆಲ್ಲ ರೆಕ್ಕೆ ಚಾಚಿಕೊಂಡು ನಿಂತುಬಿಟ್ಟಿದ್ದವು. ರಜೆಯಾದ್ದರಿಂದ ಒಳಗೆ ಆಳುಕಾಳು ಯಾರೂ ಇರಲಿಲ್ಲ.

ಹಾಲೇಶ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಗುಡಿಗೆ ಹೋದವನಂತೆ ಒಳಗೆ ಹೋದ. ಮೊಳಕೆ ಕಾಳು ಒಡೆಯುವ ಗಿರಣಿ, ಮನೆಯಷ್ಟು ದೊಡ್ಡ ಕುದಿಸುವ ಹಂಡೆ, ತಣ್ಣಗಾಗಿಸುವ ಕೊಳವೆ, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದ. "ಇದರ ಮುಂದೆ ನನ್ ಬಚ್ಚಲು ಯಾವ್ ಲೆಕ್ಕ ಸಾರ್? ನೀರು ಎಲ್ಲಿಂದ? ಮಾರಿಕಣಿವೆ ಡ್ಯಾಮಿಂದಾ? ಎಷ್ಟೊತ್ತು ಕುದಿಸ್ತೀರಿ?" ಎಂದು ಉಸಿರು ಬಿಡದೆ ಕೇಳಿದ. ಕನಕರಾಜ್ ಎಲ್ಲಕ್ಕೂ ಉತ್ತರ ಕೊಟ್ಟರು. ಆದರೆ ಒಂದು ತಿಂಗಳಲ್ಲಿ ಮನುಷ್ಯ ಇಳಿದುಹೋಗಿದ್ದರು. ಕಣ್ಣು ಗುಳಿ ಬಿದ್ದಿತ್ತು. ಮಾತಿನ ನಡುವೆ ನಿಲ್ಲಿಸಿ, ಏನೋ ಕೇಳಿಸಿಕೊಳ್ಳುವವರಂತೆ ತಲೆ ವಾಲಿಸುತ್ತಿದ್ದರು.

ಹುದುಗು ಬರುವ ಉಕ್ಕಿನ ಟ್ಯಾಂಕುಗಳು ಐದು ಸಾಲಾಗಿದ್ದವು. ಪ್ರತಿ ಟ್ಯಾಂಕಿನಿಂದ ಒಂದು ಪೈಪು ಇಳಿದು ನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು. ಒಳಗಿನ ಗ್ಯಾಸು ಆ ನೀರಲ್ಲಿ ಗುಳ್ಳೆಯಾಗಿ ಹೊರಬರುತ್ತದೆ ಎಂದು ಕನಕರಾಜ್ ವಿವರಿಸಿದರು. ಐದನೆಯದರ ಆಚೆ ದಪ್ಪ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿತ್ತು. ಹಾಲೇಶ ಅದನ್ನು ಸರಿಸಿದ. ಅಲ್ಲಿ ಆರನೆಯ ಟ್ಯಾಂಕು ಇತ್ತು. ಅದರ ಕಾಲ ಬುಡದಲ್ಲಿ ಯಾರೋ ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ ಇಟ್ಟಿದ್ದರು.

"ಇದನ್ಯಾಕೆ ತೋರಿಸ್ಲಿಲ್ಲ ಸಾರ್?"

"ಅದು ಖಾಲಿ ಐತೆ" ಎಂದರು ಕನಕರಾಜ್.

ಆಗ ಬಕೆಟ್ಟಿನ ನೀರು ಸದ್ದು ಮಾಡಿತು. ಗುಳುಕ್, ಗುಳುಕ್, ಗುಳುಕ್. ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಮೂರು ಗುಳ್ಳೆ.

"ಖಾಲಿ ಅಂದ್ರಲ್ಲ?" ಹಾಲೇಶನ ದನಿ ಸಣ್ಣಗಾಯಿತು.

ಕನಕರಾಜ್ ಅವನನ್ನು ಬಿಟ್ಟು ಚಿತ್ರಾಳ ಕಡೆ ತಿರುಗಿದರು. "ನಿಮ್ಮ ಹೆಪ್ಪು ಹಾಕಿದ್ದು ಇದಕ್ಕೇ ಮೇಡಂ. ಒಂದೇ ರಾತ್ರಿಗೆ ಉಕ್ಕಿ ಬಂತು. ಕುಣಿದಾಡಿಬಿಟ್ಟೆ ನಾನು. ಆಮೇಲೆ ಇದು ಶುರುವಾಯ್ತು. ಮೂರು ಸಲ, ಸುಮ್ನೆ. ಮೂರು ಸಲ, ಸುಮ್ನೆ. ಹುಡುಗ್ರು ಹೆದರಿದ್ರು. ಎಲ್ಲಾ ಚೆಲ್ಲಿಸಿದೆ. ಕಾಸ್ಟಿಕ್ ಹಾಕಿ ತೊಳೆಸ್ದೆ, ಆಸಿಡ್ ಹಾಕಿ ತೊಳೆಸ್ದೆ. ಒಂಬತ್ತು ದಿನ ಆಯ್ತು. ನಾನೇ ಒಳಗೆ ಟಾರ್ಚ್ ಬಿಟ್ಟು ನೋಡಿದೀನಿ, ಒಣಗಿದ ಉಕ್ಕು ಬಿಟ್ರೆ ಏನೂ ಇಲ್ಲ. ಗ್ಯಾಸು ಇಲ್ದೆ ಗುಳ್ಳೆ ಬರಲ್ಲ. ಇದನ್ನ ನಾನು ಕಾಲೇಜಲ್ಲಿ ಪಾಠ ಮಾಡ್ದೋನು."

"ದಿನವೆಲ್ಲಾ ಹಿಂಗೇನಾ ಸಾರ್?" ಎಂದಳು ಚಿತ್ರಾ.

"ದಿನವೆಲ್ಲಾ. ಆದ್ರೆ ಬೆಳಿಗ್ಗೆ ಐದೂವರೆಗೆ ಜೋರು. ಯಾರನ್ನೋ ಎಬ್ಬಿಸ್ದಂಗೆ."

ಚಿತ್ರಾ ಕುಡಿಕೆಯನ್ನು ಎದೆಗೆ ಅವುಚಿಕೊಂಡಳು. ಆ ಲಯ ಅವಳಿಗೆ ಗೊತ್ತಿತ್ತು. ಹಾಲೇಶನಿಗೂ ಹೇಳದೆ ಎರಡು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಸಂಗತಿಯೊಂದು ಅದರ ಹಿಂದಿತ್ತು.

ಅವ್ವನ ಕಡೆಯ ದಿನದ ಹಿಂದಿನ ಸಂಜೆ ಇಬ್ಬರಿಗೂ ಜಗಳವಾಗಿತ್ತು. ಅಂಬಲಿಯ ಹೆಪ್ಪನ್ನು ಬಿಯರಿಗೆ ಹಾಕುವುದು ಅವ್ವನಿಗೆ ಸರಿಬರಲಿಲ್ಲ. "ಹಸಿದೋರ ಹೊಟ್ಟೆ ತುಂಬ್ಸಿದ ಹೆಪ್ಪಿಗೆ ಹೆಂಡದ ವಾಸ್ನೆ ಹಚ್ತೀಯಲ್ಲೇ" ಎಂದಿದ್ದಳು. ಮಗಳು ಬಾಯಿಗೆ ಬಂದದ್ದನ್ನು ಅಂದು ಮಲಗಿದ್ದಳು. ಬೆಳಿಗ್ಗೆ ಎಂದಿನಂತೆ ಐದೂವರೆಗೆ ಮುದ್ದೆ ಕೋಲು ಮೂರು ಸಲ ತಟ್ಟಿತು. "ಎದ್ಯೇನವ್ವಾ?" ಚಿತ್ರಾಳಿಗೆ ಎಚ್ಚರವಿತ್ತು. ಸಿಟ್ಟಿಗೆ ಉತ್ತರ ಕೊಡಲಿಲ್ಲ. ಇನ್ನೊಮ್ಮೆ ತಟ್ಟಿತು. ಮತ್ತೊಮ್ಮೆ ತಟ್ಟಿತು. ಮೂರನೆಯ ಸಲ ಅವ್ವನ ದನಿ ಹೇಗೋ ಇತ್ತು, ಆದರೂ ಅವಳು ಕಂಬಳಿ ಬಿಗಿಯಾಗಿ ಎಳೆದುಕೊಂಡಳು. ಕೋಲು ಬಿದ್ದ ಸದ್ದಾದ ಮೇಲೆ ಎದ್ದು ಬಂದು ನೋಡಿದರೆ ಅವ್ವ ಕುಡಿಕೆಯ ಪಕ್ಕದಲ್ಲಿ ಬಿದ್ದಿದ್ದಳು. ಡಾಕ್ಟರು ಹೃದಯ ಎಂದರು. ಮೊದಲ ಸಲವೇ ಎದ್ದು ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳುವ ಧೈರ್ಯ ಅವಳಿಗೆ ಇಂದಿಗೂ ಬಂದಿರಲಿಲ್ಲ.

ಗುಳುಕ್, ಗುಳುಕ್, ಗುಳುಕ್.

ಅವಳು ಟ್ಯಾಂಕಿನ ಹತ್ತಿರ ಹೋಗಿದ್ದನ್ನು ಕಂಡು ಹಾಲೇಶ ತೋಳು ಹಿಡಿದ. "ಬ್ಯಾಡ ಚಿತ್ರಾ, ಬಾ ಹೋಗಾಣ. ಕಾಣ್ದೇ ಇರೋರು ಕರೆದ್ರೆ ಓ ಅನ್ನಬಾರ್ದು. ಓ ಅಂದೋರು ಅದರ ಹಿಂದೇನೇ ಹೋಗ್ತಾರೆ. ಹಿಂದಿನೋರು ಬಾಗ್ಲ ಮೇಲೆ 'ನಾಳೆ ಬಾ' ಅಂತ ಸುಮ್ ಸುಮ್ನೆ ಬರೀತಿದ್ರಾ?"

"ನಮ್ಮವ್ವ ಕಣಣ್ಣ."

"ಅವ್ವ ಆದ್ರೂನೂ."

"ಅವತ್ತು ನಾನು ಓ ಅನ್ಲಿಲ್ಲ" ಎಂದಳು ಚಿತ್ರಾ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವಳ ಮುಖ ನೋಡಿ ತೋಳು ಬಿಟ್ಟ.

ಅವಳು ತಣ್ಣನೆಯ ಉಕ್ಕಿಗೆ ಹಣೆಯಿಟ್ಟಳು. ಮೂರು ಗುಳ್ಳೆ ಬರುವುದನ್ನೇ ಕಾದಳು. ಬಂದವು.

"ಎದ್ದೆ ಕಣವ್ವಾ" ಎಂದಳು. "ಎಚ್ಚರ ಇತ್ತು ಕಣವ್ವಾ. ಎದ್ದೆ."

ಬಕೆಟ್ಟಿನಲ್ಲಿ ಒಂದು ದೊಡ್ಡ ಗುಳ್ಳೆ ನಿಧಾನವಾಗಿ ಎದ್ದು ಒಡೆಯಿತು. ಆಮೇಲೆ ನೀರು ಅಲುಗಲಿಲ್ಲ. ಚಿತ್ರಾ ಕುಡಿಕೆಯನ್ನು ಟ್ಯಾಂಕಿನ ಕೆಳಗೆ ಒಡ್ಡಿದಳು. ಕೊನೆಗೆ ಕನಕರಾಜ್ ಬಗ್ಗಿ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದರು. ಒಂಬತ್ತು ದಿನದಿಂದ ಒಣಗಿದ್ದ ಟ್ಯಾಂಕಿನಿಂದ ಬೊಗಸೆಯಷ್ಟು ಬೂದು ಬಣ್ಣದ ಮಂದ ಹೆಪ್ಪು ಜಾರಿ ಚಿತ್ರಾಳ ಕುಡಿಕೆಗೆ ಬಿತ್ತು. ಹುಳಿ ರಾಗಿಯ ಜೊತೆಗೆ ಒಲೆ ಹೊಗೆಯ ವಾಸನೆ ಬಂತು. ಇದ್ದಿಲಿನ ಚೂರು ಅದರ ಮೇಲೆ ತೇಲಿತು.

ಕನಕರಾಜ್ ಒಂದು ಚಮಚವನ್ನೂ ಕೇಳಲಿಲ್ಲ. ಕೈ ಮುಗಿದು ಗೇಟಿನವರೆಗೂ ಬಂದರು. ಹಾಲೇಶ ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಬೈಕು ಓಡಿಸಿದ. ಬಿಸಿಲಿರುವಾಗಲೇ, ದೀಪ ಹಚ್ಚುವ ಹೊತ್ತಿಗೆ ಮುಂಚೆ, ಚಿತ್ರಾ ಕುಡಿಕೆಯನ್ನು ಹೊಸಿಲು ದಾಟಿಸಿದಳು. ರಾಗಿ ನೀರು ಉಣಿಸಿ, ಬಾಗಿಲಿಗೆ ಚಿಲಕ ಹಾಕಿ ಮಲಗಿದಳು. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ಅವತ್ತೇ.

ಐದೂವರೆಗೆ ತಾನಾಗಿ ಎಚ್ಚರವಾಯಿತು. ಅಡಿಗೆಮನೆಗೆ ಬಂದರೆ ಕುಡಿಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿತ್ತು; ನೊರೆ ಅಂಚು ಮೀರಿ ಇಳಿದಿತ್ತು. ಹೆಪ್ಪು ಬದುಕಿತ್ತು! ಸಂತೋಷಕ್ಕೆ ಅವಳ ಕಣ್ಣು ತುಂಬಿದವು. ಮುದ್ದೆ ಕೋಲು ತೆಗೆದುಕೊಂಡು ಅಂಚಿಗೆ ಮೂರು ಸಲ ತಟ್ಟಿ, "ಎದ್ಯೇನವ್ವಾ?" ಎಂದಳು. ದನಿ ಒಡಕಾಗಿತ್ತು, ಥೇಟ್ ಅವ್ವನದೇ.

"ಎದ್ದೆ ಕಣವ್ವಾ."

ಉತ್ತರ ಬಂದದ್ದು ಒಳಕೋಣೆಯಿಂದ, ಅವಳು ಈಗಷ್ಟೇ ಎದ್ದು ಬಂದ ಹಾಸಿಗೆಯ ಕಂಬಳಿಯೊಳಗಿಂದ. ನಿದ್ದೆಗಣ್ಣಿನ ಹುಡುಗಿಯ ದನಿ. ಹತ್ತು ವರ್ಷದವಳಿದ್ದಾಗಿನ ತನ್ನದೇ ದನಿ ಎಂದು ಚಿತ್ರಾಳಿಗೆ ತಕ್ಷಣ ಗೊತ್ತಾಯಿತು. ಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು.

ಕಿರುಚಬೇಕಿತ್ತು, ಕಿರುಚಲಿಲ್ಲ. ಅವತ್ತು ಅವ್ವ ಮೂರು ಸಲ ಕೇಳಿದರೂ ಸಿಗದೆ ಹೋದ ಉತ್ತರ ಇದು. ಅದು ಅವ್ವನಿಗೆ ಎಷ್ಟು ಬೇಕಾಗಿತ್ತು ಎನ್ನುವುದು, ಕೋಲು ಹಿಡಿದು ಅವ್ವನ ಜಾಗದಲ್ಲಿ ನಿಂತಾಗ ಅವಳಿಗೆ ತಿಳಿಯಿತು. ಎದೆ ಬಿರಿಯುವ ಹಾಗೆ ಅಳು ಬಂತು. ತಿರುಗಿ ನೋಡಲಿಲ್ಲ. ಒಳಗೆ ಕಂಬಳಿ ಸರಿದ ಸದ್ದಾಯಿತು, ಬರಿಗಾಲು ನೆಲಕ್ಕೆ ತಾಗಿದ ಸದ್ದಾಯಿತು.

"ಹಂಗಾರೆ ಎದ್ದು ಮಕ ತೊಳ್ಕ" ಎಂದು, ಚಿತ್ರಾ ಹೆಪ್ಪಿಗೆ ರಾಗಿ ನೀರು ಹುಯ್ದು ಕಲಕತೊಡಗಿದಳು.

ಬಚ್ಚಲಲ್ಲಿ ತಂಬಿಗೆ ಸದ್ದಾಯಿತು.